ಸೋಮವಾರ ಬೆಳಗಿನ ಎರಡು ತಾಸು: ಚಿತ್ರದುರ್ಗದ ಐಸಿಯು ನರ್ಸ್ ಮತ್ತು ಪೋಸ್ಟ್ ಬೇಸಿಕ್ ಬಿಎಸ್ಸಿ

ಚಿತ್ರದುರ್ಗದ ಖಾಸಗಿ ಆಸ್ಪತ್ರೆಯೊಂದರ ಐಸಿಯು. ಅಲ್ಲಿ ಎಂಟು ವರ್ಷದಿಂದ ದುಡಿಯುತ್ತಿರುವ ಸಿಸ್ಟರ್, ವಯಸ್ಸು 31. ಪಿಯುಸಿ ಕಲಾ ವಿಭಾಗ, ಆಮೇಲೆ ನರ್ಸಿಂಗ್ ಡಿಪ್ಲೊಮಾ ಆದ ಜಿಎನ್‌ಎಂ. ಮನೆಯಲ್ಲಿ ಗಂಡ, ಅತ್ತೆ, ಆರು ವರ್ಷದ ಮಗು. ವೆಂಟಿಲೇಟರ್ ಕೂಗಿದರೆ ಪರದೆ ನೋಡುವ ಮೊದಲೇ ಟ್ಯೂಬು ಎಲ್ಲಿ ಮಡಚಿದೆ ಎಂದು ಕೈ ಹೋಗುವಷ್ಟು ಪಳಗಿದವರು. ಹೊಸದಾಗಿ ಸೇರಿದ ಬಿಎಸ್ಸಿ ಹುಡುಗಿಯರಿಗೆ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆ) ಡ್ರೆಸ್ಸಿಂಗ್ ಹೇಳಿಕೊಡುವವರೂ ಇವರೇ. ಆದರೆ ಇನ್‌ಚಾರ್ಜ್ ಜಾಗ ಖಾಲಿಯಾದಾಗ ಅದು ಹೋದದ್ದು ಡಿಗ್ರಿ ಇದ್ದವರಿಗೆ. ನರ್ಸಿಂಗ್ ಕಾಲೇಜಿನಲ್ಲಿ ಟ್ಯೂಟರ್ ಆಗಬೇಕೆಂದರೂ ಡಿಗ್ರಿಯೇ ಬೇಕು.

ಇದು ಒಬ್ಬರದೇ ಬದುಕಿನ ದಾಖಲೆಯಲ್ಲ. ದಾವಣಗೆರೆ, ಚಿತ್ರದುರ್ಗ ಸೀಮೆಯ ದುಡಿಯುವ ನರ್ಸ್‌ಗಳಿಗೆ ಎದುರಾಗುವ ತೊಡಕುಗಳನ್ನೆಲ್ಲ ಒಬ್ಬರ ಮೇಲಿಟ್ಟು ಕಟ್ಟಿದ ಪ್ರಕರಣ. ಸಂಬಳ, ಶುಲ್ಕ, ಬಾಡಿಗೆಯ ಅಂಕಿಗಳು ಉದಾಹರಣೆಗೆ ಮಾತ್ರ. ಓದುವವರು ತಮ್ಮ ಅಂಕಿ ಹಾಕಿಕೊಂಡು ಲೆಕ್ಕ ಮಾಡಬೇಕು. ಕೋರ್ಸಿನ ಗಂಟೆ, ಹಾಜರಾತಿ, ಅಂಕದ ನಿಯಮಗಳು ಭಾರತೀಯ ಶುಶ್ರೂಷಾ ಪರಿಷತ್ತಿನ ಪಠ್ಯಕ್ರಮದಲ್ಲಿ ಇರುವಂತೆಯೇ ಇವೆ.

ಜಿಎನ್‌ಎಂ ಮುಗಿಸಿದವರು ಡಿಗ್ರಿ ಪಡೆಯಲು ಇರುವ ಕೋರ್ಸು ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್. ಎಲ್ಲರ ಬಾಯಲ್ಲೂ ಅದು ಪಿಬಿ ಬಿಎಸ್ಸಿ. ಎರಡು ವರ್ಷ. ಪಿಯುಸಿ, ಜಿಎನ್‌ಎಂ, ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನರ್ಸ್ ಮತ್ತು ಮಿಡ್‌ವೈಫ್ ಎಂಬ ನೋಂದಣಿ, ವೈದ್ಯಕೀಯ ಅರ್ಹತೆ: ಬೇಕಾದದ್ದು ಇಷ್ಟು. ಪಿಯುಸಿಯಲ್ಲಿ ವಿಜ್ಞಾನವೇ ಓದಿರಬೇಕೆಂಬ ಷರತ್ತಿಲ್ಲ. ‘ನಂದು ಆರ್ಟ್ಸ್, ನಂಗೆ ಸೀಟು ಕೊಡಲ್ಲ’ ಎಂದುಕೊಂಡೇ ವರ್ಷಗಟ್ಟಲೆ ಅರ್ಜಿ ಹಾಕದವರು ಬಹಳ ಮಂದಿ ಇರುವುದರಿಂದ ಇದನ್ನು ಒತ್ತಿ ಹೇಳಬೇಕು.

ಎದುರಿಗಿದ್ದ ಮೂರು ದಾರಿ

ಮೊದಲು ಫೋನ್ ಬಂದದ್ದು ಒಬ್ಬ ಏಜೆಂಟನಿಂದ. "ಮೇಡಂ, ನೀವು ಡ್ಯೂಟಿ ಬಿಡೋದೇ ಬೇಡ. ಅಟೆಂಡೆನ್ಸ್ ನಾವು ನೋಡ್ಕೊಂತೀವಿ. ಎಕ್ಸಾಮಿಗೆ ಬಂದು ಬರೀರಿ, ಸಾಕು." ಶುಲ್ಕದ ಜೊತೆ ‘ಹೊಂದಾಣಿಕೆ’ಗೆಂದು ಇನ್ನಷ್ಟು ಹಣ. ಎಂಟು ವರ್ಷ ಹಗಲೂ ರಾತ್ರಿ ದುಡಿದವರಿಗೆ ಇದು ದೇವರೇ ಕಳಿಸಿದ ದಾರಿಯಂತೆ ಕಾಣುವುದು ಸಹಜ. ಆದರೆ ಪಿಬಿ ಬಿಎಸ್ಸಿ ಪೂರ್ಣಾವಧಿಯ ರೆಗ್ಯುಲರ್ ಕೋರ್ಸು. ಅದೇ ಎರಡು ವರ್ಷಕ್ಕೆ ಬೇರೆ ಊರಿನ ಆಸ್ಪತ್ರೆಯಲ್ಲಿ ಪೂರ್ಣಾವಧಿ ದುಡಿದ ಅನುಭವ ಪತ್ರ, ಸಂಬಳದ ಬ್ಯಾಂಕ್ ದಾಖಲೆ, ಪಿಎಫ್ ಜಮೆ ಇದ್ದರೆ ಎರಡರಲ್ಲಿ ಒಂದು ಸುಳ್ಳು ಎಂದು ಕಾಗದವೇ ಹೇಳುತ್ತದೆ. ಅದು ಬಯಲಾಗುವುದು ಸೀಟು ಕೊಳ್ಳುವ ದಿನವಲ್ಲ. ಸರ್ಕಾರಿ ಹುದ್ದೆಯ ದಾಖಲೆ ಪರಿಶೀಲನೆಯಲ್ಲೋ, ವಿದೇಶದ ನೋಂದಣಿಗೆ ಹೋದಾಗಲೋ, ಎಂಎಸ್ಸಿ ಪ್ರವೇಶದಲ್ಲೋ ದಿನಾಂಕಕ್ಕೆ ದಿನಾಂಕ ಹೊಂದಿಸಿ ನೋಡಿದಾಗ. ಅಷ್ಟರಲ್ಲಿ ಹಣವೂ ಹೋಗಿರುತ್ತದೆ, ವಯಸ್ಸೂ ಹೋಗಿರುತ್ತದೆ. ಇನ್ನೊಂದು ಮಾತೂ ಇದೆ. ಹೆರಿಗೆ ವಾರ್ಡಿಗೆ ಕಾಲಿಡದೆ ಹೆರಿಗೆಯ ಪ್ರಾಕ್ಟಿಕಲ್ ಅಂಕ ಪಡೆದ ನರ್ಸ್ ನಾಳೆ ಟ್ಯೂಟರ್ ಆಗಿ ಮಕ್ಕಳಿಗೆ ಏನನ್ನು ಕಲಿಸುತ್ತಾರೆ?

ಎರಡನೆಯದು ಇಗ್ನೊ, ಅಂದರೆ ದೂರಶಿಕ್ಷಣ ಕೊಡುವ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ. ಸೇವೆಯಲ್ಲಿರುವ ನರ್ಸ್‌ಗಳಿಗಾಗಿಯೇ ಇರುವ ಮೂರು ವರ್ಷದ ಪಿಬಿ ಬಿಎಸ್ಸಿ ಅಲ್ಲಿದೆ. ನೋಂದಣಿಯಾದ ಮೇಲೆ ಕನಿಷ್ಠ ಎರಡು ವರ್ಷದ ಅನುಭವ ಬೇಕು, ಪ್ರವೇಶ ಪರೀಕ್ಷೆ ಇದೆ. ಕೆಲಸ ಬಿಡಲು ಸಾಧ್ಯವೇ ಇಲ್ಲದವರಿಗೆ ಇದು ನೇರವಾದ, ಮರ್ಯಾದೆಯ ದಾರಿ. ಆದರೆ ಇದು ಮನೆಯಲ್ಲಿ ಕೂತು ಪುಸ್ತಕ ಓದಿ ಮುಗಿಸುವ ಕೋರ್ಸಲ್ಲ. ಸಂಪರ್ಕ ತರಗತಿಗೂ ಪ್ರಾಕ್ಟಿಕಲ್‌ಗೂ ಗೊತ್ತುಪಡಿಸಿದ ಕೇಂದ್ರಕ್ಕೆ ಹೋಗಲೇಬೇಕು. ಚಿತ್ರದುರ್ಗದಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್. ಅಷ್ಟು ದೂರದ ಕೇಂದ್ರ ಸಿಕ್ಕರೆ ಐಸಿಯು ಡ್ಯೂಟಿಯವರಿಗೆ ಒಟ್ಟಿಗೆ ಅಷ್ಟು ದಿನ ರಜೆ ಸಿಗುವುದು ಕಷ್ಟ. ಇವರ ಆಸ್ಪತ್ರೆಯಲ್ಲಿ ಅಂಥ ರಜೆ ಕೊಡುವ ರೂಢಿ ಇರಲಿಲ್ಲ. ನಿಮ್ಮಲ್ಲಿ ಕೊಡುವುದಾದರೆ ಈ ದಾರಿಯನ್ನೇ ಮೊದಲು ನೋಡಿ.

ಮೂರನೆಯದು ದಾವಣಗೆರೆ. ದಾವಣಗೆರೆಯಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು 1965ರಲ್ಲೇ ಶುರುವಾಯಿತು. ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗಳಿರುವುದರಿಂದ ನರ್ಸಿಂಗ್ ವಿದ್ಯಾರ್ಥಿಗೆ ಇಲ್ಲಿ ರೋಗಿಗಳ ಕೊರತೆಯಿಲ್ಲ. ಚಿತ್ರದುರ್ಗದಿಂದ ಹೆದ್ದಾರಿಯಲ್ಲಿ ಭರಮಸಾಗರ ದಾಟಿ ಸುಮಾರು 60 ಕಿಲೋಮೀಟರ್. ದಿನವೂ ಓಡಾಡಬಹುದೆಂದು ಅನ್ನಿಸುವಷ್ಟು ಹತ್ತಿರ, ಓಡಾಡಿದರೆ ಸುಸ್ತಾಗುವಷ್ಟು ದೂರ. ಇವರು ಆರಿಸಿಕೊಂಡದ್ದು ಇದನ್ನು: ಕೆಲಸಕ್ಕೆ ರಾಜೀನಾಮೆ, ದಾವಣಗೆರೆಯಲ್ಲಿ ಕೋಣೆ, ವಾರದ ಕೊನೆಯಲ್ಲಿ ಹಳೆಯ ಆಸ್ಪತ್ರೆಯಲ್ಲಿ ಪಾರ್ಟ್ ಟೈಮ್ ನೈಟ್ ಡ್ಯೂಟಿ.

ಶುಲ್ಕಕ್ಕಿಂತ ಮೊದಲು ಗಂಟೆ

ಹೆಚ್ಚಿನವರು ಕಾಲೇಜಿಗೆ ಹೋಗಿ ಕೇಳುವ ಮೊದಲ ಪ್ರಶ್ನೆ ಫೀಸ್ ಎಷ್ಟು ಎಂಬುದು. ನಮ್ಮ ಪ್ರಕಾರ ಮೊದಲು ಕೇಳಬೇಕಾದದ್ದು ಟೈಮ್ ಟೇಬಲ್.

ಮೊದಲ ವರ್ಷಕ್ಕೆ ಥಿಯರಿ 525 ಗಂಟೆ, ಪ್ರಾಕ್ಟಿಕಲ್ 810. ಎರಡನೇ ವರ್ಷಕ್ಕೆ ಥಿಯರಿ 345, ಪ್ರಾಕ್ಟಿಕಲ್ 855. ಮೊದಲ ವರ್ಷದ ಮೊತ್ತ 1335 ಗಂಟೆ. ವಾರಕ್ಕೆ 36 ಗಂಟೆ ಕಾಲೇಜು ನಡೆದರೆ 37 ವಾರಕ್ಕೂ ತುಸು ಹೆಚ್ಚು ಬೇಕು. ರಜೆ, ಹಬ್ಬ, ಇಂಟರ್ನಲ್ಸ್, ಪರೀಕ್ಷೆ ಕಳೆದರೆ ವರ್ಷದಲ್ಲಿ ಸಡಿಲವಾದ ವಾರ ಉಳಿಯುವುದು ಬೆರಳೆಣಿಕೆಯಷ್ಟು. ಹಾಗಾಗಿ ವಾರದ ನಡುವೆ ಪೂರ್ಣಾವಧಿ ಡ್ಯೂಟಿ ಮಾಡುತ್ತೇನೆ ಎಂಬ ಮಾತು ಕಾಗದದ ಮೇಲೂ ನಿಲ್ಲುವುದಿಲ್ಲ.

810 ಗಂಟೆಯಲ್ಲಿ ಮೆಡಿಕಲ್ ಸರ್ಜಿಕಲ್‌ಗೆ 270, ತಾಯಿ ಆರೈಕೆಗೆ 240, ಮಕ್ಕಳ ಆರೈಕೆಗೆ 240. ಇಲ್ಲಿ ಬಹಳ ಮಂದಿಗೆ ಒಂದು ತಪ್ಪು ಕಲ್ಪನೆ ಇರುತ್ತದೆ: ‘ನಾನು ಐಸಿಯುನಲ್ಲಿ ಎಂಟು ವರ್ಷ ಮಾಡಿದೀನಲ್ಲ, ಆ ಗಂಟೆ ಹಿಡೀಬಾರ್ದಾ?’ ಹಿಡಿಯುವುದಿಲ್ಲ. ಪ್ರಾಕ್ಟಿಕಲ್ ಎಂದರೆ ಕಾಲೇಜು ಹಾಕಿಕೊಟ್ಟ ಪೋಸ್ಟಿಂಗ್, ಟ್ಯೂಟರ್ ಕಣ್ಣಳತೆಯಲ್ಲಿ, ಕೇರ್ ಪ್ಲಾನ್ ಮತ್ತು ಕೇಸ್ ಪ್ರೆಸೆಂಟೇಶನ್ ಸಮೇತ. ಸಂಬಳಕ್ಕೆ ಮಾಡಿದ ಡ್ಯೂಟಿ ಅನುಭವ ಪತ್ರಕ್ಕೆ ಸೇರುತ್ತದೆ, ಲಾಗ್ ಬುಕ್ಕಿಗೆ ಸೇರುವುದಿಲ್ಲ.

ಹಾಜರಾತಿ ನಿಯಮದಲ್ಲಿ ಎರಡು ತುದಿಗಳಿವೆ. ಪರೀಕ್ಷೆಗೆ ಕೂರಲು ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ ಶೇ 80 ಬೇಕು, ಅದೂ ಪ್ರತಿ ವಿಷಯದಲ್ಲಿ ಬೇರೆ ಬೇರೆಯಾಗಿ. ಡಿಗ್ರಿ ಕೈಗೆ ಸಿಗಬೇಕಾದರೆ ಪ್ರಾಕ್ಟಿಕಲ್ ಪೂರಾ ಶೇ 100 ಆಗಬೇಕು. ಮೊದಲನೆಯದನ್ನು ಮರೆತವರು ಪರೀಕ್ಷೆ ತಪ್ಪಿಸಿಕೊಳ್ಳುತ್ತಾರೆ. ಎರಡನೆಯದನ್ನು ಮರೆತವರು ಎಲ್ಲಾ ಪಾಸಾಗಿಯೂ, ಗೆಳತಿಯರು ಕೆಲಸಕ್ಕೆ ಸೇರಿದ ಮೇಲೂ ವಾರ್ಡಿನಲ್ಲಿ ಬಾಕಿ ಗಂಟೆ ತೀರಿಸುತ್ತಿರುತ್ತಾರೆ.

ಹಣದ ಲೆಕ್ಕ

ಸಂಬಳ ತಿಂಗಳಿಗೆ 18,500. ಎರಡು ವರ್ಷ ಬಿಟ್ಟರೆ 4,44,000 ರೂಪಾಯಿ ಕೈತಪ್ಪುತ್ತದೆ. ಶುಲ್ಕ ವರ್ಷಕ್ಕೆ 70,000ದಂತೆ 1,40,000. ಕೋಣೆ, ಊಟ, ಬಸ್ಸು ಸೇರಿ ತಿಂಗಳಿಗೆ 7,000ದಂತೆ 1,68,000. ಯೂನಿಫಾರ್ಮ್, ಪುಸ್ತಕ, ಪರೀಕ್ಷಾ ಶುಲ್ಕ, ಪರಊರಿನ ಪೋಸ್ಟಿಂಗ್‌ಗೆ 30,000. ಪಾರ್ಟ್ ಟೈಮ್ ಡ್ಯೂಟಿಯಿಂದ ತಿಂಗಳಿಗೆ 6,000ದಂತೆ 22 ತಿಂಗಳಿಗೆ 1,32,000 ವಾಪಸ್. ಕೂಡಿ ಕಳೆದರೆ ನಿಜವಾದ ವೆಚ್ಚ 6,50,000.

ಡಿಗ್ರಿ ಆದಮೇಲೆ ಅದೇ ಆಸ್ಪತ್ರೆ ತಿಂಗಳಿಗೆ 6,000 ಹೆಚ್ಚು ಕೊಟ್ಟರೆ ಈ ಹಣ ತಿರುಗಿ ಬರಲು 108 ತಿಂಗಳು, ಅಂದರೆ ಒಂಬತ್ತು ವರ್ಷ. 12,000 ಹೆಚ್ಚಾದರೆ ನಾಲ್ಕೂವರೆ ವರ್ಷ. ಇದನ್ನು ಮುಚ್ಚಿಡಬಾರದು. ಇರುವ ಕೆಲಸದಲ್ಲೇ ನಾಲ್ಕು ಕಾಸು ಹೆಚ್ಚು ಸಿಗಲಿ ಎಂಬುದಷ್ಟೇ ಗುರಿಯಾದರೆ ಪಿಬಿ ಬಿಎಸ್ಸಿ ದುಬಾರಿ. ಅದರ ಬೆಲೆ ಇರುವುದು ಅದು ತೆರೆಯುವ ಬಾಗಿಲುಗಳಲ್ಲಿ. ಟ್ಯೂಟರ್ ಹುದ್ದೆ, ಎಂಎಸ್ಸಿ, ಡಿಗ್ರಿ ಕೇಳುವ ನೇಮಕಾತಿಗಳು. ಎಂಎಸ್ಸಿಗೆ ಒಟ್ಟಾರೆ ಶೇ 55 ಅಂಕ ಮತ್ತು ಒಂದು ವರ್ಷದ ಅನುಭವ ಬೇಕು. ಪಿಬಿ ಬಿಎಸ್ಸಿ ಮಾಡಿದವರಿಗೆ ಆ ಅನುಭವ ಕೋರ್ಸಿಗಿಂತ ಮೊದಲಿನದಾದರೂ ನಡೆಯುತ್ತದೆ. ಇವರ ಕೈಯಲ್ಲಿ ಆಗಲೇ ಎಂಟು ವರ್ಷ ಇತ್ತು. ಹಾಗಾಗಿ ಓದುವ ಎರಡು ವರ್ಷಕ್ಕೂ ಪೂರ್ಣಾವಧಿ ಅನುಭವ ಪತ್ರ ಬೇಕೆಂದು ಆಸ್ಪತ್ರೆಯನ್ನು ಕೇಳುವ ಅಗತ್ಯವೇ ಇರಲಿಲ್ಲ.

ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಪರೀಕ್ಷೆ ನಾರ್ಸೆಟ್ ಕಣ್ಣಲ್ಲಿದ್ದವರು ಒಂದು ಸಂಗತಿ ಗಮನಿಸಬೇಕು. ಅದಕ್ಕೆ ಸಾಮಾನ್ಯ ವಯೋಮಿತಿ 30, ಮೀಸಲಾತಿಗೆ ತಕ್ಕಂತೆ ಸಡಿಲಿಕೆ ಇದೆ. ಐವತ್ತು ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ಮಾಡಿದ ಜಿಎನ್‌ಎಂ ನರ್ಸ್ ಕೂಡ ಅದನ್ನು ಬರೆಯಬಹುದು. 27ರಲ್ಲಿ ಇರುವವರು ಅದಕ್ಕಾಗಿಯೇ ಡಿಗ್ರಿಗೆ ಸೇರಿ ಎರಡು ವರ್ಷ ಕಳೆದರೆ ಪರೀಕ್ಷೆಯ ಅವಕಾಶಗಳೇ ಕಮ್ಮಿಯಾಗುತ್ತವೆ.

ಹಣ ಹೊಂದಿದ್ದು ಒಂದೂವರೆ ಲಕ್ಷದ ಉಳಿತಾಯ ಮತ್ತು ಶಿಕ್ಷಣ ಸಾಲದಿಂದ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಮಾರ್ಜಿನ್ ಹಣವಾಗಲಿ (ನಾವು ಕೈಯಿಂದ ಹಾಕಬೇಕಾದ ಪಾಲು), ಆಸ್ತಿ ಅಡಮಾನವಾಗಲಿ ಕೇಳುವುದಿಲ್ಲ. ಪ್ರವೇಶ ಪತ್ರ, ಕಾಲೇಜಿನ ಲೆಟರ್‌ಹೆಡ್ ಮೇಲೆ ಎರಡೂ ವರ್ಷದ ಶುಲ್ಕದ ವಿವರ, ಸಹ ಅರ್ಜಿದಾರರಾಗಿ ಗಂಡ ಅಥವಾ ತಂದೆ ಬೇಕು. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ. ಅಲ್ಲಿ ಜಾತಿ, ಆದಾಯ ಪತ್ರದ ಆರ್‌ಡಿ ಸಂಖ್ಯೆಯೂ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯೂ ಸರಿಯಿಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ. ಪಿಎಫ್ ಮಾತ್ರ ಮುಟ್ಟಬೇಡಿ. ಪಿಎಫ್ ಖಾತೆಯ ಯುಎಎನ್ ಸಂಖ್ಯೆ ಹಾಗೇ ಇರಲಿ, ಮುಂದಿನ ಕೆಲಸಕ್ಕೆ ಅದೇ ಸಂಖ್ಯೆ ಕೊಡಿ.

ಕಾಗದ ಹೊಂದಿಸುವುದು

ಪ್ರವೇಶಕ್ಕೆ ಬೇಕಾದದ್ದು ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಜಿಎನ್‌ಎಂನ ಎಲ್ಲಾ ವರ್ಷದ ಅಂಕಪಟ್ಟಿ ಮತ್ತು ಡಿಪ್ಲೊಮಾ ಪ್ರಮಾಣಪತ್ರ, ವರ್ಗಾವಣೆ ಪತ್ರ, ಕೌನ್ಸಿಲ್ ನೋಂದಣಿ, ವೈದ್ಯಕೀಯ ಪತ್ರ, ಅನುಭವ ಪತ್ರ. ಪಟ್ಟಿ ಸಣ್ಣದೇ. ಸಿಕ್ಕಿಕೊಳ್ಳುವುದು ಮೂರು ಕಡೆ.

ಮೊದಲನೆಯದು ಹೆಸರು. ಅಂಕಪಟ್ಟಿಗಳಲ್ಲಿ ತಂದೆಯ ಇನಿಷಿಯಲ್, ಆಧಾರಿನಲ್ಲಿ ಗಂಡನ ಹೆಸರು, ಕೌನ್ಸಿಲ್ ದಾಖಲೆಯಲ್ಲಿ ಇಂಗ್ಲಿಷ್ ಕಾಗುಣಿತ ಇನ್ನೊಂದು. ಮದುವೆಯಾದ ನರ್ಸ್‌ಗಳಲ್ಲಿ ಇದು ಸಾಮಾನ್ಯ. ಪ್ರವೇಶದ ವಾರ ಅಫಿಡವಿಟ್ ಹಿಡಿದು ಓಡಾಡುವ ಬದಲು ಮೂರು ತಿಂಗಳು ಮೊದಲೇ ಎಸ್ಸೆಸ್ಸೆಲ್ಸಿಯ ಹೆಸರಿಗೆ ಉಳಿದವನ್ನು ಹೊಂದಿಸಿಕೊಳ್ಳಬೇಕು. ಡಿಗ್ರಿ ಪತ್ರದಲ್ಲಿ ಒಮ್ಮೆ ತಪ್ಪಾಗಿ ಅಚ್ಚಾದರೆ ತಿದ್ದಿಸುವುದು ಇನ್ನೂ ದೊಡ್ಡ ಕೆಲಸ.

ಎರಡನೆಯದು ಮೂಲ ದಾಖಲೆ. ಕೆಲಸಕ್ಕೆ ಸೇರುವಾಗ ಬಾಂಡ್ ಎಂದು ಅಸಲು ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳುವ ಆಸ್ಪತ್ರೆಗಳಿವೆ. ರಾಜೀನಾಮೆ ಕೊಟ್ಟ ದಿನವೇ ಅವು ಸಿಗುತ್ತವೆಂದು ನಂಬಬಾರದು. ನೋಟಿಸ್ ಅವಧಿ ಎಷ್ಟು, ಬಾಂಡ್ ಎಲ್ಲಿಗೆ ಮುಗಿಯುತ್ತದೆ ಎಂದು ಕರಾರಿನಲ್ಲಿ ಓದಿ, ಪ್ರವೇಶದ ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ ರಾಜೀನಾಮೆ ಬರೆಯಬೇಕು.

ಮೂರನೆಯದು ನೋಂದಣಿ ನವೀಕರಣ. ಐದು ವರ್ಷಕ್ಕೊಮ್ಮೆ ಆಗಬೇಕಾದದ್ದು ಮರೆತುಹೋಗಿರುತ್ತದೆ. ಡ್ಯೂಟಿಯಲ್ಲಿ ಯಾರೂ ಕೇಳದಿದ್ದರೂ ಪ್ರವೇಶದಲ್ಲಿ ಕೇಳುತ್ತಾರೆ.

ಕಾಲೇಜಿನ ವಿಷಯದಲ್ಲಿ ನೋಡಬೇಕಾದದ್ದು ಒಂದೇ ಸಾಲು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಆ ವರ್ಷದ ಸಂಯೋಜನೆ ಪಟ್ಟಿಯಲ್ಲಿ ಆ ಕಾಲೇಜಿನ ಹೆಸರಿನ ಮುಂದೆ ‘ಪಿಬಿ ಬಿಎಸ್ಸಿ’ ಇದೆಯೇ, ಎಷ್ಟು ಸೀಟು ಇದೆ? ನಾಲ್ಕು ವರ್ಷದ ಬಿಎಸ್ಸಿ ಇದ್ದ ಮಾತ್ರಕ್ಕೆ ಪಿಬಿ ಬಿಎಸ್ಸಿ ಇರುತ್ತದೆಂದು ಹೇಳಲಾಗದು.

ಹಳೆಯ ಆಸ್ಪತ್ರೆಯೊಂದಿಗೆ ಮಾಡಿಕೊಂಡ ಏರ್ಪಾಡು ಈ ಪ್ರಕರಣದ ಗಟ್ಟಿ ಭಾಗ. ರಾಜೀನಾಮೆ ಅಂಗೀಕಾರ, ರಿಲೀವಿಂಗ್ ಪತ್ರ, ಎಂಟು ವರ್ಷದ ಅನುಭವ ಪತ್ರ ಮೊದಲು. ಆಮೇಲೆ ಹೊಸ ಪತ್ರ: ‘ಪಾರ್ಟ್ ಟೈಮ್, ಶನಿವಾರ ಮತ್ತು ಭಾನುವಾರ ರಾತ್ರಿ, ಪಾಳಿಗೆ 900 ರೂಪಾಯಿ.’ ದಿನ, ಸಮಯ, ದರ ಮೂರೂ ಬರಹದಲ್ಲಿ. ಹೀಗಿದ್ದರೆ ಮುಂದೆ ಯಾರು ದಿನಾಂಕ ಹೊಂದಿಸಿ ನೋಡಿದರೂ ಮುಚ್ಚಿಡುವಂಥದ್ದು ಏನೂ ಇರುವುದಿಲ್ಲ.

ಸೋಮವಾರ ಏನಾಯಿತು

ಕಾಲೇಜು ಸೋಮವಾರದಿಂದ ಶುಕ್ರವಾರ ದಿನಕ್ಕೆ ಆರೂವರೆ ತಾಸು, ಶನಿವಾರ ಮೂರೂವರೆ ತಾಸು. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಚಿತ್ರದುರ್ಗ, ಮೂರು ತಾಸು ನಿದ್ದೆ, ರಾತ್ರಿ ಎಂಟಕ್ಕೆ ಐಸಿಯು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಬಿಡುಗಡೆ, ಹಗಲು ಮನೆ, ರಾತ್ರಿ ಮತ್ತೆ ಡ್ಯೂಟಿ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಮುಗಿಸಿ ಬಸ್ಸು ಹಿಡಿದರೆ ಒಂಬತ್ತೂಕಾಲು, ಒಂಬತ್ತೂವರೆಗೆ ಕಾಲೇಜು, ಹೆಚ್ಚೆಂದರೆ ಅರ್ಧ ತಾಸು ತಡ. ಯೋಜನೆ ಹೀಗಿತ್ತು.

ಐಸಿಯು ಹ್ಯಾಂಡ್‌ಓವರ್ ಎಂಟಕ್ಕೆ ಮುಗಿಯುವುದಿಲ್ಲ ಎಂಬುದು ಇವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಬೆಳಗಿನ ಪಾಳಿಯವರು ಹತ್ತು ನಿಮಿಷ ತಡ, ಪ್ರತಿ ಹಾಸಿಗೆಯ ಬಳಿ ಇನ್‌ಫ್ಯೂಷನ್ ಪಂಪಿನ ದರ, ಯೂರಿನ್ ಔಟ್‌ಪುಟ್, ಬಾಕಿ ಲ್ಯಾಬ್ ವರದಿ ಒಪ್ಪಿಸಿ, ಔಷಧಿ ಎಣಿಸಿ ಸಹಿ ಹಾಕುವಷ್ಟರಲ್ಲಿ ಎಂಟೂವರೆ ದಾಟುತ್ತದೆ. ಒಂಬತ್ತಕ್ಕೆ ಮೊದಲು ಬಸ್ಸು ಸಿಕ್ಕಿದ ಸೋಮವಾರವೇ ಇಲ್ಲ. ದಾವಣಗೆರೆ ತಲುಪುವಾಗ ಹತ್ತೂಕಾಲು, ಒಮ್ಮೊಮ್ಮೆ ಹನ್ನೊಂದು.

ಸೋಮವಾರ 9ರಿಂದ 11, ಎರಡು ತಾಸು, ಬಯೋಕೆಮಿಸ್ಟ್ರಿ ಮತ್ತು ಬಯೋಫಿಸಿಕ್ಸ್. ವಾರಕ್ಕೆ ಅದು ಸಿಗುವುದು ಅಷ್ಟೇ ಹೊತ್ತು. ಆರು ವಾರದಲ್ಲಿ 12 ತಾಸು ಪಾಠ ನಡೆದಿತ್ತು. ಮೂರು ಸೋಮವಾರ ಒಂದೊಂದು ತಾಸು, ಮೂರು ಸೋಮವಾರ ಎರಡೂ ತಾಸು ಹೋಯಿತು. ಒಟ್ಟು ಒಂಬತ್ತು.

ಈಗ ಎರಡು ಲೆಕ್ಕ ಅಕ್ಕಪಕ್ಕ ಇಟ್ಟು ನೋಡಿ. ಆರು ವಾರದಲ್ಲಿ ಕಾಲೇಜು ನಡೆದದ್ದು 216 ತಾಸು, ಇವರು ಇದ್ದದ್ದು 207. ಒಟ್ಟು ಹಾಜರಾತಿ ಶೇ 95ಕ್ಕೂ ಹೆಚ್ಚು. ‘ಅಟೆಂಡೆನ್ಸ್ ಏನೂ ತೊಂದರೆಯಿಲ್ಲ’ ಎಂದು ನೆಮ್ಮದಿಯಾಗಿದ್ದದ್ದು ಇದನ್ನೇ ನಂಬಿ. ಆದರೆ ಆ ವಿಷಯಕ್ಕೆ ಇಡೀ ವರ್ಷಕ್ಕಿರುವುದು 60 ಗಂಟೆ. ಶೇ 80 ಎಂದರೆ 48. ಇಡೀ ವರ್ಷದಲ್ಲಿ ತಪ್ಪಿಸಬಹುದಾದದ್ದು 12. ಅದರಲ್ಲಿ ಒಂಬತ್ತನ್ನು ಆರೇ ವಾರದಲ್ಲಿ ಕಳೆದಾಗಿತ್ತು. ಉಳಿದ 48 ತಾಸಿನಲ್ಲಿ ಇನ್ನು ಮೂರೇ ಮೂರು ತಪ್ಪಬಹುದು. ಇನ್ನೆರಡು ಸೋಮವಾರ ಹೀಗೇ ಪೂರಾ ಹೋಗಿದ್ದರೆ ಮುಂದೆ ದಿನ ತಪ್ಪದೆ ಬಂದರೂ ಆ ವರ್ಷ ಆ ಪರೀಕ್ಷೆ ಕೈಬಿಟ್ಟಂತೆ.

ಈ ತೊಡಕಿಗೆ ಮದ್ದು ಶೇಕಡಾವಾರು ಲೆಕ್ಕ ಬಿಡುವುದು. ಪ್ರತಿ ವಿಷಯಕ್ಕೂ ವರ್ಷದ ಮೊದಲ ದಿನವೇ ‘ತಪ್ಪಿಸಬಹುದಾದ ಗಂಟೆ’ ಬರೆದಿಟ್ಟುಕೊಂಡು, ಹೋದಂತೆ ಕಳೆಯುತ್ತಾ ಬರಬೇಕು. ನರ್ಸಿಂಗ್ ಫೌಂಡೇಶನ್ 45 ಗಂಟೆ, ತಪ್ಪಿಸಬಹುದಾದದ್ದು 9. ನ್ಯೂಟ್ರಿಷನ್ ಥಿಯರಿ 30, ತಪ್ಪಿಸಬಹುದಾದದ್ದು ಬರೀ 6. ಸೈಕಾಲಜಿ, ಮೈಕ್ರೋಬಯಾಲಜಿ ತಲಾ 60, ತಪ್ಪಿಸಬಹುದಾದದ್ದು 12. ಮೆಡಿಕಲ್ ಸರ್ಜಿಕಲ್ 90, ತಪ್ಪಿಸಬಹುದಾದದ್ದು 18. ಸಣ್ಣ ವಿಷಯಗಳೇ ಮೊದಲು ಕೈಕೊಡುತ್ತವೆ. ನ್ಯೂಟ್ರಿಷನ್ ತರಗತಿ ಶನಿವಾರ ಬಿದ್ದಿದ್ದರೆ ಊರಿನ ಜಾತ್ರೆ, ಮನೆಯ ಮದುವೆ ಎಂದು ಆರು ತಾಸು ಹೋಗಲು ಎಷ್ಟು ಹೊತ್ತು?

ಭಾನುವಾರ ರಾತ್ರಿಯ ಪಾಳಿ ಬಿಟ್ಟರು. ಬದಲಿಗೆ ದಾವಣಗೆರೆಯ ಡಯಾಲಿಸಿಸ್ ಕೇಂದ್ರವೊಂದರಲ್ಲಿ ಮಂಗಳವಾರ, ಗುರುವಾರ ಸಂಜೆ 5ರಿಂದ 9, ಪಾಳಿಗೆ 300 ರೂಪಾಯಿ. ಮೊದಲು ತಿಂಗಳಿಗೆ ಎಂಟು ರಾತ್ರಿಗೆ 7,200 ಬರುತ್ತಿತ್ತು. ಈಗ ನಾಲ್ಕು ರಾತ್ರಿಗೆ 3,600, ಎಂಟು ಸಂಜೆಗೆ 2,400, ಒಟ್ಟು 6,000. ತಿಂಗಳಿಗೆ 1,200 ರೂಪಾಯಿ ಕಮ್ಮಿಯಾದರೂ ಒಂದು ವರ್ಷ ಉಳಿಯಿತು. ಭಾನುವಾರ ರಾತ್ರಿ ಮಗುವಿನ ಪಕ್ಕ ಮಲಗಿ ಸೋಮವಾರ ನಸುಕಿನ ಬಸ್ಸು ಹಿಡಿಯುವಂತೆಯೂ ಆಯಿತು. ಲೆಕ್ಕದ ಪುಸ್ತಕದಲ್ಲಿ ಇದಕ್ಕೆ ಸಾಲಿಲ್ಲ, ಆದರೆ ಕೋರ್ಸು ಅರ್ಧಕ್ಕೆ ಬಿಡುವವರಲ್ಲಿ ಹೆಚ್ಚಿನವರು ಬಿಡುವುದು ಪಾಠ ತಿಳಿಯದೆ ಅಲ್ಲ, ಮನೆ ಕೈತಪ್ಪಿತೆಂಬ ಸಂಕಟಕ್ಕೆ ಎಂಬುದು ನಮ್ಮ ಅಭಿಪ್ರಾಯ.

ನಿದ್ದೆಯ ಬಗ್ಗೆ ಒಂದು ಮಾತು. ನೈಟ್ ಡ್ಯೂಟಿ ಮುಗಿಸಿ ನೇರ ವಾರ್ಡ್ ಪೋಸ್ಟಿಂಗ್‌ಗೆ ಹೋಗುವುದು ಹಾಜರಾತಿಯ ಪ್ರಶ್ನೆಯಷ್ಟೇ ಅಲ್ಲ, ರೋಗಿಯ ಪ್ರಾಣದ ಪ್ರಶ್ನೆ. ಇಪ್ಪತ್ತನಾಲ್ಕು ತಾಸು ಎಚ್ಚರವಿದ್ದ ಕೈ ಇನ್ಸುಲಿನ್ ಯೂನಿಟ್ಟನ್ನೂ ಪೊಟ್ಯಾಸಿಯಂ ಕ್ಲೋರೈಡ್ ಪ್ರಮಾಣವನ್ನೂ ಅಳೆಯಬಾರದು. ಪೋಸ್ಟಿಂಗ್ ಇರುವ ದಿನದ ಹಿಂದಿನ ರಾತ್ರಿ ಡ್ಯೂಟಿ ಬೇಡ ಎಂಬುದನ್ನು ಬರಹದ ಕರಾರಿನಲ್ಲೇ ಸೇರಿಸಿಕೊಳ್ಳಿ.

ಆರ್ಟ್ಸ್ ಓದಿದವರ ಬಯೋಕೆಮಿಸ್ಟ್ರಿ

ಮೊದಲ ಇಂಟರ್ನಲ್ಸ್‌ನಲ್ಲಿ ಬಯೋಕೆಮಿಸ್ಟ್ರಿ ಹೋಯಿತು. ಇಂಟರ್ನಲ್ 25, ವಿಶ್ವವಿದ್ಯಾಲಯದ ಪರೀಕ್ಷೆ 75, ಪಾಸಾಗಲು ಶೇ 50. ಥಿಯರಿ, ಪ್ರಾಕ್ಟಿಕಲ್ ಎರಡೂ ಇರುವ ವಿಷಯದಲ್ಲಿ ಬೇರೆ ಬೇರೆಯಾಗಿ ಶೇ 50 ಬೇಕು. ಪಿಯುಸಿಯಲ್ಲಿ ರಸಾಯನಶಾಸ್ತ್ರದ ಮುಖವನ್ನೇ ನೋಡದವರಿಗೆ ಕಾರ್ಬೋಹೈಡ್ರೇಟ್ ರಚನೆ, ಕಿಣ್ವಗಳ ಹೆಸರು, ಕ್ರೆಬ್ಸ್ ಚಕ್ರ ಎಲ್ಲ ಗೋಡೆಯಂತೆ. ಗೈಡ್ ಬಾಯಿಪಾಠ ಮಾಡಿದರೆ ಒಂದು ಪ್ರಶ್ನೆ ತಿರುಗಿಸಿ ಕೇಳಿದ ಕೂಡಲೇ ಬರೆದದ್ದೆಲ್ಲ ಕಲಸಿಹೋಗುತ್ತದೆ.

ದುಡಿಯುವ ನರ್ಸ್‌ಗೆ ಇರುವ ಬಲ ಬೇರೆ. ಐಸಿಯುನಲ್ಲಿ ದಿನಾ ಕೈಗೆ ಬರುವ ಎಬಿಜಿ ಚೀಟಿಯನ್ನೇ, ಅಂದರೆ ರಕ್ತದ ಆಮ್ಲತೆ ಮತ್ತು ಅನಿಲಗಳ ವರದಿಯನ್ನೇ ತೆಗೆದುಕೊಳ್ಳಿ. ಸಕ್ಕರೆ ಕಾಯಿಲೆಯ ರೋಗಿ, ಉಸಿರು ಆಳವಾಗಿ ವೇಗವಾಗಿ ಎಳೆಯುತ್ತಿದ್ದಾರೆ. ಚೀಟಿಯಲ್ಲಿ ಪಿಎಚ್ 7.24, ಕಾರ್ಬನ್ ಡೈಆಕ್ಸೈಡ್ 24, ಬೈಕಾರ್ಬನೇಟ್ 10. ಸಹಜ ಪಿಎಚ್ 7.35ರಿಂದ 7.45, ಇಲ್ಲಿ ರಕ್ತ ಹುಳಿಯಾಗಿದೆ. ಬೈಕಾರ್ಬನೇಟ್ ಕುಸಿದಿದೆ, ಅಂದರೆ ತೊಂದರೆ ಶುರುವಾದದ್ದು ಶ್ವಾಸಕೋಶದಲ್ಲಲ್ಲ, ದೇಹದ ಒಳಗಿನ ರಸಾಯನದಲ್ಲಿ. ಶ್ವಾಸಕೋಶ ಅದನ್ನು ಸರಿದೂಗಿಸಲು ಕಾರ್ಬನ್ ಡೈಆಕ್ಸೈಡನ್ನು ಹೊರಗೆ ತಳ್ಳುತ್ತಿದೆ. ಸರಿಯಾಗಿ ತಳ್ಳುತ್ತಿದೆಯೇ? ಬೈಕಾರ್ಬನೇಟನ್ನು ಒಂದೂವರೆಯಿಂದ ಗುಣಿಸಿ ಎಂಟು ಕೂಡಿಸಿ: 15ಕ್ಕೆ 8 ಸೇರಿ 23, ಆಚೆ ಈಚೆ ಎರಡು. ಚೀಟಿಯಲ್ಲಿರುವ 24 ಅದಕ್ಕೆ ಹೊಂದುತ್ತದೆ. ಹುಳಿ ಎಲ್ಲಿಂದ ಬಂತು? ಇನ್ಸುಲಿನ್ ಇಲ್ಲದೆ ಗ್ಲೂಕೋಸ್ ಬಳಸಲಾಗದ ದೇಹ ಕೊಬ್ಬನ್ನು ಕರಗಿಸಿತು, ಕೊಬ್ಬಿನಿಂದ ಕೀಟೋನ್ ಹುಟ್ಟಿತು. ಕಾರ್ಬೋಹೈಡ್ರೇಟ್ ಪಾಠ, ಕೊಬ್ಬಿನ ಪಾಠ, ಆಮ್ಲ ಪ್ರತ್ಯಾಮ್ಲದ ಪಾಠ ಮೂರೂ ಈ ಒಂದು ಚೀಟಿಯಲ್ಲಿ ಕೂತಿವೆ.

ಇದೇ ರೀತಿ ಲಿವರ್ ವರದಿ ಹಿಡಿದು ಪ್ರೋಟೀನು ಮತ್ತು ಕಿಣ್ವ, ಲಿಪಿಡ್ ಪ್ರೊಫೈಲ್ ಹಿಡಿದು ಕೊಲೆಸ್ಟ್ರಾಲ್, ಡಯಾಲಿಸಿಸ್ ಯಂತ್ರ ಹಿಡಿದು ಆಸ್ಮೋಸಿಸ್ ಮತ್ತು ಡಿಫ್ಯೂಷನ್. ಶನಿವಾರ ರಾತ್ರಿ ರೋಗಿಯ ಹೆಸರು, ಸಂಖ್ಯೆ ಏನೂ ಬರೆಯದೆ ವರದಿಯ ಅಂಕಿ ಮಾತ್ರ ನೋಟ್ ಬುಕ್ಕಿಗೆ ಇಳಿಸಿಕೊಂಡು, ವಾರದಲ್ಲಿ ಆ ಅಂಕಿಯ ಹಿಂದಿನ ಪಾಠ ಓದುವುದು. ಎರಡನೇ ಇಂಟರ್ನಲ್ಸ್‌ನಲ್ಲಿ ಪಾಸು, ವಾರ್ಷಿಕ ಪರೀಕ್ಷೆಯಲ್ಲೂ ಪಾಸು. ಇಂಗ್ಲಿಷಿನಲ್ಲಿ ಬರೆಯುವ ಅಳುಕಿಗೆ ಮದ್ದು ಸಣ್ಣ ವಾಕ್ಯ, ಕೈಯಲ್ಲಿ ಬರೆದ ಚಿತ್ರ, ಡ್ಯೂಟಿಯಲ್ಲಿ ನರ್ಸಿಂಗ್ ನೋಟ್ಸ್ ಬರೆಯುವ ಅದೇ ಭಾಷೆ.

ಎರಡನೇ ವರ್ಷ

ಇಲ್ಲಿ ಥಿಯರಿ ಕಮ್ಮಿ, ಓಡಾಟ ಜಾಸ್ತಿ. ಪ್ರಾಕ್ಟಿಕಲ್ ಸಮುದಾಯ ಆರೋಗ್ಯಕ್ಕೆ 240 ಗಂಟೆ, ಮಾನಸಿಕ ಆರೋಗ್ಯಕ್ಕೆ 240, ಆಡಳಿತಕ್ಕೆ 180, ಸಂಶೋಧನೆಗೆ 120, ಶಿಕ್ಷಣಕ್ಕೆ 75. ಹಳ್ಳಿ ಕಡೆಯ ಪೋಸ್ಟಿಂಗ್ ಇರುವ ವಾರಗಳಲ್ಲಿ ಕಾಲೇಜು ವಾಹನ ಬೆಳಿಗ್ಗೆ ಬೇಗ ಹೊರಡುತ್ತದೆ, ವಾಪಸ್ ಬರುವ ಹೊತ್ತು ನಮ್ಮ ಕೈಯಲ್ಲಿಲ್ಲ. ಮಂಗಳವಾರ, ಗುರುವಾರದ ಸಂಜೆ ಐದರ ಪಾಳಿ ಆ ವಾರಗಳಲ್ಲಿ ನಿಂತಿತು. ಮಾನಸಿಕ ಆರೋಗ್ಯಕ್ಕೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಕೆಲವು ವಾರ ಕಳಿಸುವ ಕಾಲೇಜುಗಳುಂಟು. ಆಗ ದುಡಿಮೆ ಪೂರಾ ಬಂದ್, ವಸತಿ ಖರ್ಚು ಮಾತ್ರ ಹೆಚ್ಚು. ಪರಊರಿನ ಪೋಸ್ಟಿಂಗ್ ಎಷ್ಟು ವಾರ, ಯಾವ ತಿಂಗಳು, ಅದರ ಖರ್ಚು ಶುಲ್ಕದಲ್ಲಿ ಸೇರಿದೆಯೇ ಎಂದು ಪ್ರವೇಶದ ದಿನವೇ ಕೇಳಿ ಬರೆದುಕೊಳ್ಳಬೇಕು. 24 ತಿಂಗಳಿಗೆ ಬದಲು 22 ತಿಂಗಳ ದುಡಿಮೆಯನ್ನೇ ಮೇಲಿನ ಲೆಕ್ಕದಲ್ಲಿ ಹಿಡಿದದ್ದು ಇದಕ್ಕಾಗಿ.

ಆಡಳಿತ ಮತ್ತು ಶಿಕ್ಷಣ ವಿಷಯಗಳಲ್ಲಿ ಅನುಭವಿ ನರ್ಸ್ ಅರಳುತ್ತಾರೆ. ಡ್ಯೂಟಿ ರೋಸ್ಟರ್ ಹಾಕುವುದು, ವಾರ್ಡಿಗೆ ಎಷ್ಟು ಸಿಬ್ಬಂದಿ ಬೇಕೆಂದು ಲೆಕ್ಕ ಹಾಕುವುದು, ಸಾಮಾನಿನ ದಾಸ್ತಾನು. ಎಂಟು ವರ್ಷ ಕಂಡದ್ದಕ್ಕೆ ಈಗ ಹೆಸರು, ಸೂತ್ರ ಸಿಗುತ್ತದೆ. ಬೇರೆ ಬೇರೆ ವಿಧಾನದಲ್ಲಿ ಪಾಠ ಮಾಡಿ ತೋರಿಸುವ ಕೆಲಸವೂ ಇದೆ. ಇವರು ಸೆಂಟ್ರಲ್ ಲೈನ್ ಡ್ರೆಸ್ಸಿಂಗನ್ನೇ ಒಂದು ಪಾಠವಾಗಿ ಆರಿಸಿಕೊಂಡರು. ಸಂಶೋಧನೆ ಗುಂಪಿನಲ್ಲಿ ಮಾಡುವ ಕಿರು ಯೋಜನೆ. ಅಲ್ಲಿ ಆಗುವ ತಪ್ಪು ವಿಷಯವನ್ನು ದೊಡ್ಡದಾಗಿ ಹಿಡಿಯುವುದು, ಆಸ್ಪತ್ರೆಯ ಅನುಮತಿ ಪತ್ರಕ್ಕೆ ತಡವಾಗಿ ಅರ್ಜಿ ಹಾಕುವುದು. ಒಂದೇ ವಾರ್ಡು, ಒಂದೇ ರೂಢಿ, ಅನುಮತಿ ಮೊದಲ ತಿಂಗಳೇ.

ಮಗುವಿಗೆ ಜ್ವರ ಬಂದು ಮೊದಲ ವರ್ಷದ ತಾಯಿ ಆರೈಕೆ ಪೋಸ್ಟಿಂಗ್‌ನಲ್ಲಿ 18 ಗಂಟೆ ತಪ್ಪಿತ್ತು. 240ರಲ್ಲಿ 222, ಶೇ 92ಕ್ಕೂ ಹೆಚ್ಚು. ಪರೀಕ್ಷೆಗೆ ಅಡ್ಡಿಯಾಗಲಿಲ್ಲ. ಆದರೆ ಶೇ 100ರ ನಿಯಮ ಬಾಕಿ. ಕ್ಲಾಸ್ ಟೀಚರಿಗೆ ಆಗಲೇ ಬರೆದುಕೊಟ್ಟು, ಮೊದಲ ವರ್ಷದ ಪರೀಕ್ಷೆ ಮುಗಿದ ರಜೆಯಲ್ಲಿ ಆರಾರು ತಾಸಿನ ಮೂರು ದಿನ ಹೆರಿಗೆ ವಾರ್ಡಿನಲ್ಲಿ ತೀರಿಸಿ, ಲಾಗ್ ಬುಕ್ಕಿನಲ್ಲಿ ದಿನಾಂಕ ಸಮೇತ ಸಹಿ ಹಾಕಿಸಿಕೊಂಡರು. ಕೊನೆಗೆ ಮಾಡಿದರಾಯಿತು ಎಂದು ಬಿಟ್ಟಿದ್ದರೆ ಡಿಗ್ರಿಗೆ ಹೆಸರು ಕಳಿಸುವ ಹೊತ್ತಿಗೆ ಅದೇ ಮೂರು ದಿನ ಅಡ್ಡ ಬರುತ್ತಿತ್ತು.

ಫಲಿತಾಂಶ ಬಂದ ಮೇಲೆ ಉಳಿದದ್ದು ಒಂದು ಕೆಲಸ: ಪ್ರೊವಿಜನಲ್ ಪ್ರಮಾಣಪತ್ರ ಮತ್ತು ಅಂಕಪಟ್ಟಿಗಳೊಂದಿಗೆ ಕೌನ್ಸಿಲ್‌ನಲ್ಲಿ ಹೆಚ್ಚುವರಿ ವಿದ್ಯಾರ್ಹತೆಯ ನೋಂದಣಿ. ಇದನ್ನು ಮುಂದೂಡಿದವರು ಟ್ಯೂಟರ್ ಸಂದರ್ಶನಕ್ಕೆ ಹೋದಾಗ ‘ಡಿಗ್ರಿ ನೋಂದಣಿ ಎಲ್ಲಿ?’ ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ವಾಪಸಾಗುತ್ತಾರೆ. ಹಳೆಯ ಆಸ್ಪತ್ರೆ ಇವರನ್ನು ಐಸಿಯು ಇನ್‌ಚಾರ್ಜ್ ಆಗಿ ಕರೆಯಿತು, ಸಂಬಳ 6,000 ಹೆಚ್ಚು. ದಾವಣಗೆರೆಯ ಕಾಲೇಜೊಂದು ಕ್ಲಿನಿಕಲ್ ಟ್ಯೂಟರ್ ಹುದ್ದೆಗೆ ಕರೆಯಿತು, ಸಂಬಳ 8,000 ಹೆಚ್ಚು, ನೈಟ್ ಡ್ಯೂಟಿ ಇಲ್ಲ. ಇವರು ಆರಿಸಿಕೊಂಡದ್ದು ಎರಡನೆಯದನ್ನು. ಪಿಬಿ ಬಿಎಸ್ಸಿ ಎರಡೂ ವರ್ಷ ಸೇರಿ ಶೇ 61 ಬಂದಿದ್ದರಿಂದ ಎಂಎಸ್ಸಿಯ ಅರ್ಜಿಗೂ ದಾರಿ ತೆರೆದೇ ಇದೆ.